ಮುಸುಕು ಹೊಲಿದ ಚಳಿಗಾಲ

ಹೋದ ತಿಂಗಳು ಇಂಡಿಗೆ ಹೋಗಿದ್ದೆ. ಮದುವೆ ಮನೆಯೊಂದರ ಜಂಪರುಗಳನ್ನು ಹೊಲಿದು ಮುಟ್ಟಿಸುವುದಿತ್ತು. ಮದುಮಗಳ ತಾಯಿ ತೋಳು ಬಿಗಿಯಾಯಿತೆಂದು ನನ್ನನ್ನು ಮಧ್ಯಾಹ್ನದವರೆಗೆ ಕೂಡಿಸಿ ಬಿಚ್ಚಿಸಿ ಹೊಲಿಸಿದಳು. ತೋಳು ಬಿಗಿಯಾದದ್ದು ನನ್ನ ಕತ್ತರಿಯ ತಪ್ಪಲ್ಲ, ಅಳತೆ ಕೊಟ್ಟ ಮೇಲೆ ಆಕೆ ಉಂಡ ಹೋಳಿಗೆಯ ತಪ್ಪು. ಆದರೆ ಗಿರಾಕಿಗೆ ಹಾಗೆಲ್ಲ ಹೇಳಲಾಗುತ್ತದೆಯೇ? ಬಾಯಿ ಮುಚ್ಚಿಕೊಂಡು ಕೆಲಸ ಮುಗಿಸಿ ಬಸ್ಸಿಗೆಂದು ನಡೆದು ಬರುತ್ತಿದ್ದೆ. ದಾರಿಯಲ್ಲಿ ಲಿಂಬೆಹಣ್ಣಿನ ಅಡತಿ ಅಂಗಡಿಗಳ ಸಾಲು. ಒಂದು ಟಂಟಂ ಗಾಡಿಯಿಂದ ಚೀಲ ಜಾರಿ ಬಿದ್ದು ಬಾಯಿ ಬಿಚ್ಚಿತು. ಹಣ್ಣು ರಸ್ತೆ ತುಂಬ ಉರುಳಿದವು, ಹಿಂದೆ ಬಂದ ಟ್ರ್ಯಾಕ್ಟರು ಅವುಗಳ ಮೇಲೆಯೇ ಹಾಯಿತು. ಗಮ್ಮೆಂದು ವಾಸನೆ ಎದ್ದಿತು. ನಾನು ನಿಂತಲ್ಲೇ ನಿಂತೆ.

ಬೇರೆಯವರಿಗೆ ಲಿಂಬೆಯ ವಾಸನೆ ಬಂದರೆ ಪಾನಕ ನೆನಪಾಗುತ್ತದೆ, ಉಪ್ಪಿನಕಾಯಿ ನೆನಪಾಗುತ್ತದೆ. ನನಗೆ ಗಂಡಸರ ಬೆವರು ನೆನಪಾಗುತ್ತದೆ. ತಪ್ಪು ತಿಳಿಯಬೇಡಿ, ನಾನು ಕುಸ್ತಿ ಕಲಿಸುವ ವಸ್ತಾದನ ಮಗಳು. ಗೊಳಸಂಗಿಯಲ್ಲಿ ನಮ್ಮ ಮನೆಗೆ ಅಂಟಿಕೊಂಡೇ ಅಪ್ಪನ ಗರಡಿ ಇತ್ತು. ಬಗ್ಗಿ ಒಳಗೆ ಹೋಗುವಂಥ ಗಿಡ್ಡ ಬಾಗಿಲು, ಒಳಗೆ ಕುಸ್ತಿಯ ಕೆಂಪು ಮಣ್ಣಿನ ಗುಂಡಿ. ವರ್ಷಕ್ಕೊಮ್ಮೆ ಆ ಮಣ್ಣನ್ನು ಅಗೆದು ತಿರುವಿ, ಅರಿಶಿನ, ಎಣ್ಣೆ, ಮಜ್ಜಿಗೆ ಹಾಕಿ, ಚೀಲಗಟ್ಟಲೆ ಲಿಂಬೆಹಣ್ಣು ಹಿಂಡುತ್ತಿದ್ದರು. ಹಣ್ಣು ಇಂಡಿಯಿಂದಲೇ ಬರಬೇಕು, ಬೇರೆ ಊರಿನದು ಅಪ್ಪನಿಗೆ ನಡೆಯುತ್ತಿರಲಿಲ್ಲ. ಆ ಮಣ್ಣು ಮೈಗೆ ಹತ್ತಿದರೆ ಗಾಯ ಕೀವಾಗುವುದಿಲ್ಲ ಎನ್ನುತ್ತಿದ್ದ. ನಮ್ಮ ಮನೆಯ ಹಾಸಿಗೆ, ಅನ್ನ, ನನ್ನ ತಲೆಗೂದಲು, ಎಲ್ಲಕ್ಕೂ ಅದೇ ವಾಸನೆ.

ಚೀಲ ಬಿದ್ದ ಜಾಗಕ್ಕೆ ಅಡತಿಯೊಳಗಿಂದ ಒಬ್ಬ ಓಡಿಬಂದು ಹಣ್ಣು ಆರಿಸಲು ಬಾಗಿದ. ಮುಖ ಕಾಣಲಿಲ್ಲ, ಬೆನ್ನಷ್ಟೇ ಕಂಡಿತು. ಬೆನ್ನು ನೋಡಿಯೇ ಗುರುತು ಹಿಡಿದೆ. ಅವನ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಆ ಚಳಿಗಾಲದ ಮಾತು ಹೇಳಿಬಿಡಬೇಕು.

ಕೊರೊನಾ ಮುಗಿದು ಜನ ಮತ್ತೆ ಒಬ್ಬರ ಹೆಗಲಿಗೆ ಒಬ್ಬರು ಹೆಗಲು ತಾಗಿಸಿ ನಿಲ್ಲಲು ಧೈರ್ಯ ಮಾಡಿದ ಕಾಲ ಅದು. ನಾನು ಅದಕ್ಕೂ ಮುಂಚೆಯೇ ಗಂಡನ ಮನೆಯಿಂದ ಹೊಲಿಗೆ ಮಷಿನ್ನು ಹೊತ್ತುಕೊಂಡು ವಾಪಸು ಬಂದಿದ್ದೆ. ಆ ಕಥೆ ಬೇರೆ, ಇಲ್ಲಿ ಬೇಡ. ಅವ್ವ ಇರಲಿಲ್ಲ. ಮನೆಯಲ್ಲಿ ನಾನು, ಅಪ್ಪ, ಮತ್ತೆ ಪರಸು.

ಪರಸು ಮೋರಟಗಿಯವನು. ಸಣ್ಣವನಿದ್ದಾಗ ಅವನ ಅಣ್ಣ ತಂದು ಗರಡಿಯಲ್ಲಿ ಬಿಟ್ಟುಹೋದದ್ದು, ಆಮೇಲೆ ಅವನು ನಮ್ಮಲ್ಲೇ ಬೆಳೆದ. ಉಣ್ಣುವುದು ನನ್ನ ಕೈಯಿಂದ, ಬೈಸಿಕೊಳ್ಳುವುದು ಅಪ್ಪನ ಬಾಯಿಂದ. ಮಾತು ಕಡಿಮೆ, ರೊಟ್ಟಿ ಜಾಸ್ತಿ. ಅಪ್ಪನಿಗೆ ಗಂಡು ಮಕ್ಕಳಿರಲಿಲ್ಲ ಎಂಬುದನ್ನು ಅವನು ಬಂದ ಮೇಲೆ ನಮ್ಮ ಮನೆಯಲ್ಲಿ ಯಾರೂ ಆಡಲಿಲ್ಲ.

ನಮ್ಮ ಗರಡಿಯಲ್ಲಿ ಒಂದು ರೂಢಿ ಇತ್ತು. ಶಿಷ್ಯ ವಸ್ತಾದನ ಬೆನ್ನಿಗೆ ಮಣ್ಣು ಹಚ್ಚಬಾರದು. ದಿನವೂ ಅಪ್ಪ ಹುಡುಗರ ಜೊತೆ ಕುಸ್ತಿಗೆ ಇಳಿಯುತ್ತಿದ್ದ. ಹುಡುಗ ಬಲಿಯುತ್ತ ಬಂದಂತೆ ಒಂದು ದಿನ ವಸ್ತಾದನನ್ನೇ ಮಗುಚಿ ಹಾಕುವ ಹೊತ್ತು ಬರುತ್ತದಲ್ಲ? ಬೆನ್ನು ಇನ್ನೇನು ನೆಲಕ್ಕೆ ತಾಗಬೇಕು ಎನ್ನುವಾಗ ಶಿಷ್ಯ ಹಿಡಿತ ಸಡಿಲಿಸಿ, ಬಲಗೈಯಿಂದ ವಸ್ತಾದನ ಪಾದ ಮುಟ್ಟಿ, ಆ ಕೈಯನ್ನು ಹಣೆಗೆ ಒತ್ತಿಕೊಳ್ಳಬೇಕು. ಅಲ್ಲಿಗೆ ಆಟ ಮುಗಿಯಿತು. ಸೋತವರಿಲ್ಲ, ಗೆದ್ದವರಿಲ್ಲ. ನಮ್ಮ ಕಡೆಯ ಗರಡಿ ಮಂದಿಗೆಲ್ಲ ಇದು ಗೊತ್ತು. ಪರಸು ಹದಿನಾರು ದಾಟಿದ ಮೇಲೆ ದಿನ ಬಿಟ್ಟು ದಿನ ಹೀಗೆ ಅಪ್ಪನ ಪಾದ ಮುಟ್ಟುತ್ತಿದ್ದ. ಅಪ್ಪ ಎದ್ದು ಮೈ ಒರೆಸಿಕೊಳ್ಳುತ್ತ "ಮಬ್ಬ, ಕಾಲ ಎಲ್ಲಿ ಇಟ್ಟಿದ್ದಿ?" ಎಂದು ಬಯ್ಯುತ್ತಿದ್ದ. ಬಯ್ಯುವಾಗ ಅವನ ಮುಖ ನೋಡಬೇಕಿತ್ತು, ಹಬ್ಬ ಬಂದ ಹಾಗೆ ಇರುತ್ತಿತ್ತು.

ಅಷ್ಟು ಬಲಿತ ಹುಡುಗನಿಗೆ ಆ ವರ್ಷ ಕೆಲಸವಿರಲಿಲ್ಲ. ಕುಸ್ತಿಗಳೆಲ್ಲ ನಿಂತುಹೋಗಿದ್ದವು, ಪೊಲೀಸ್ ನೌಕರಿಗೆಂದು ಓಡಿ ಹಾರಿ ಬಂದದ್ದೂ ಕೈಗೂಡಲಿಲ್ಲ. ಆಗಲೇ ಇಂಡಿಯ ರಾಚಪ್ಪ ಸಾಹುಕಾರ ನಮ್ಮ ಮನೆಗೆ ಬಂದದ್ದು. ಆತನದು ಶಾಮಿಯಾನ, ಕುರ್ಚಿ, ಸೌಂಡ್ ಸಿಸ್ಟಮ್ಮಿನ ವ್ಯವಹಾರ. ಮದುವೆಗಳಿಲ್ಲದೆ ಎಲ್ಲ ಗೋದಾಮಿನಲ್ಲಿ ಧೂಳು ತಿನ್ನುತ್ತಿದ್ದವು. ಕೂತು ಕೂತು ಮೊಬೈಲಿನಲ್ಲಿ ಹಗ್ಗ ಕಟ್ಟಿದ ರಿಂಗಿನ ಕುಸ್ತಿ ನೋಡಿ ಆತನಿಗೆ ಹುರುಪು ಹತ್ತಿತ್ತು.

"ವಸ್ತಾದ್ರ, ಕುಸ್ತಿ ಕಂಪನಿ ತೆಗ್ಯಾಕತ್ತೇನ್ರಿ. ನಿಮ್ಮ ಹುಡುಗನ್ನ ಕೊಡ್ರಿ. ಅವನನ್ನ ಹೀರೋ ಮಾಡ್ತೇನಿ" ಅಂದ.

"ಹೀರೋ ಮಾಡೂದಂದ್ರ ಏನ್ ಮಾಡೂದು?" ಅಂದ ಅಪ್ಪ.

"ಯಾರ್ ಗೆಲ್ಲಬೇಕು, ಯಾರ್ ಸೋಲಬೇಕು ಅನ್ನೂದು ನಮ್ಮ ಕೈಯಾಗ ಇರ್ತೈತ್ರಿ."

"ಹಂಗಾರ ಅದು ಕುಸ್ತಿ ಅಲ್ಲ, ನಾಟಕ."

"ಹೌದ್ರಿ, ನಾಟಕಾನ. ಆದ್ರ ಮೈಯಾಗಿನ ಬೆವರು ಖರೇದ ಇರ್ತೈತಿ" ಎಂದು ಸಾಹುಕಾರ ನಕ್ಕ. ಆತನ ಮಾತಿನಲ್ಲಿ ಕಪಟವಿರಲಿಲ್ಲ, ಅದನ್ನು ಇಂದಿಗೂ ಹೇಳುತ್ತೇನೆ.

ಅಪ್ಪ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಪರಸುವಿನ ಕಡೆ ನೋಡಿದ. ಪರಸು ನೆಲ ನೋಡುತ್ತಿದ್ದ. ಆ ಕಂಪನಿಗೆ ಮುಂದೆ ಪುಣೆಯ ದೊಡ್ಡ ಕಂಪನಿಯವರು ಬಂದು ನೋಡುತ್ತಾರೆ, ಹಿಡಿಸಿದರೆ ಹುಡುಗನನ್ನು ಕರೆದೊಯ್ದು ಟಿವಿಯಲ್ಲಿ ಆಡಿಸುತ್ತಾರೆ ಎಂದು ಸಾಹುಕಾರ ಹೇಳಿದಾಗ ಮಾತ್ರ ಅವನು ತಲೆ ಎತ್ತಿದ. ಅಪ್ಪನಿಗೆ ಅಷ್ಟು ಸಾಕಾಯಿತು.

"ಹೋಗು. ಹಲಗಿ ಮ್ಯಾಲಿನ ಕುಸ್ತಿ, ಬಿದ್ದಾಗ ಗದ್ದ ಎದಿಗೆ ಹಚ್ಕೋ" ಎಂದಷ್ಟೇ ಹೇಳಿ ಒಳಗೆ ಹೋದ.

ಒಬ್ಬ ಹೊಸ ಹುಡುಗನನ್ನು ಜನರ ಕಣ್ಣಿಗೆ ದೊಡ್ಡವನನ್ನಾಗಿ ಮಾಡುವುದು ಹೇಗೆ ಎಂಬುದನ್ನು ನಾನು ಆ ಚಳಿಗಾಲದಲ್ಲಿ ಹತ್ತಿರದಿಂದ ಕಂಡೆ. ಕಂಪನಿಯ ಬಟ್ಟೆಗಳನ್ನೆಲ್ಲ ಹೊಲಿಯುವವಳು ನಾನೇ ಆಗಿದ್ದೆ. ಮೊದಲು ಹೆಸರು ಕಟ್ಟಿದರು. ಪರಶುರಾಮ ಎಂಬ ಹೆಸರಿಗೇನು ಕೊರತೆ? ಆದರೂ ಅವನು ‘ಮೋರಟಗಿ ಹುಲಿ’ ಆದ. ಹುಲಿ ಅಂದ ಮೇಲೆ ಪಟ್ಟೆ ಬೇಕಲ್ಲ, ಹಳದಿ ಸ್ಯಾಟಿನ್ನಿನ ಮೇಲೆ ಕರಿ ಪಟ್ಟಿ ಕೂಡಿಸಿ ನಿಲುವಂಗಿ ಹೊಲಿದೆ. ಹಾಕಿಕೊಂಡು ಕನ್ನಡಿ ನೋಡಿ "ಅಕ್ಕಾ, ಜೋಕುಮಾರ ಕಂಡಂಗ ಕಾಣ್ತೇನಿ" ಅಂದ. ಇಬ್ಬರೂ ನಕ್ಕೆವು. ಆಮೇಲೆ ಬ್ಯಾನರು, ಆಮೇಲೆ ಅವನು ನಡೆದು ಬರುವಾಗ ಹಚ್ಚುವ ಹಲಗೆ ವಾದ್ಯದ ಸದ್ದು. ಹಲಗೆ ಕೇಳಿದರೆ ಸಾಕು, ಪರಸು ಬಂದ ಎಂದು ಹುಡುಗರು ಕುಣಿಯುವಂತಾಗಬೇಕು ಎಂಬುದು ಸಾಹುಕಾರನ ಲೆಕ್ಕ. ಹಾಗೆಯೇ ಆಯಿತು.

ಮೊದಲ ಆಟ ಮುದ್ದೇಬಿಹಾಳದಲ್ಲಿ. ಸಂತೆ ಬಯಲಿನಲ್ಲಿ ಟ್ರ್ಯಾಕ್ಟರಿನ ಟ್ರೇಲರುಗಳನ್ನು ಜೋಡಿಸಿ, ಮೇಲೆ ಮರದ ಹಲಗೆ ಬಡಿದು, ನಾಲ್ಕು ಮೂಲೆಗೆ ಕಂಬ ನಿಲ್ಲಿಸಿ ಹಗ್ಗ ಬಿಗಿದಿದ್ದರು. ಸಂಜೆಯ ಚಳಿಗೆ ಜನ ಕಂಬಳಿ ಹೊದ್ದು ಬಂದಿದ್ದರು. ಪರಸು ದಪ್ಪ ಹೊಟ್ಟೆಯ ಒಬ್ಬನನ್ನು ಎತ್ತಿ ಒಗೆದು ಉಸಿರು ಬಿಡುವುದರೊಳಗೆ ಗೆದ್ದ. ಹೊಸಬ ಬೇಗ ಗೆಲ್ಲಬೇಕು, ಅದು ಮೊದಲ ಪಾಠ. ದಪ್ಪ ಹೊಟ್ಟೆಯವನು ಬೀಳುವುದರಲ್ಲಿ ಬಹಳ ಜಾಣ. ಆಟ ಮುಗಿದ ಮೇಲೆ ಇಬ್ಬರೂ ಒಂದೇ ತಾಟಿನಲ್ಲಿ ಚುರುಮುರಿ ತಿನ್ನುತ್ತ ಕೂತದ್ದನ್ನು ನೋಡಿ ನನಗೆ ಕುಸ್ತಿಯ ಮೇಲೆ ಪ್ರೀತಿ ಹುಟ್ಟಿತು ಅಂದರೆ ನಂಬುತ್ತೀರಾ? ವಸ್ತಾದನ ಮಗಳಿಗೆ ಅದು ಅಲ್ಲಿಯತನಕ ಹುಟ್ಟಿರಲಿಲ್ಲ.

ಎರಡನೆಯ ಪಾಠ ಪೆಟ್ಟು ತಿನ್ನುವುದು. ಬರೀ ಗೆಲ್ಲುತ್ತ ಹೋದರೆ ಜನಕ್ಕೆ ಬೇಸರ ಬರುತ್ತದಂತೆ. ಬಸವನ ಬಾಗೇವಾಡಿಯಲ್ಲಿ ಪರಸು ಗೆದ್ದು ಕೈ ಎತ್ತಿ ನಿಂತಾಗ ಹಿಂದಿನಿಂದ ಮುಸುಕಿನವನೊಬ್ಬ ಹತ್ತಿ ಬಂದು ಅವನನ್ನು ಹೊಡೆಯಬೇಕು, ಅನ್ಯಾಯ ಆಯಿತೆಂದು ಜನ ಕೂಗಬೇಕು. ಮುಸುಕಿನ ಪಾತ್ರಕ್ಕೆ ಸೊಲ್ಲಾಪುರದ ಕಡೆಯ ಒಬ್ಬನನ್ನು ಕರೆಸಿದ್ದರು. ಆಳು ಎತ್ತರ, ಕೈ ಒರಟು. ಅವನಿಗೆ ಕರಿ ಮಕಮಲ್ಲಿನ ಮುಸುಕನ್ನು ನಾನೇ ಹೊಲಿದುಕೊಟ್ಟಿದ್ದೆ. ಆವತ್ತು ಅಪ್ಪ ಮೊದಲ ಸಲ ಆಟ ನೋಡಲು ನನ್ನ ಜೊತೆ ಬಂದಿದ್ದ. ರುಮಾಲು ಮುಖಕ್ಕೆ ಎಳೆದುಕೊಂಡು ಯಾರಿಗೂ ಕಾಣದ ಹಾಗೆ ಹಿಂದೆ ಕೂತಿದ್ದ.

ಸೊಲ್ಲಾಪುರದವನು ಪರಸುವನ್ನು ತಲೆಯ ಮಟ್ಟಕ್ಕೆ ಎತ್ತಿದ, ಬಿಟ್ಟ. ಹಾಗೆ ಬಿಡಬಾರದು. ಎತ್ತಿಸಿಕೊಂಡವನು ಕೆಳಗೆ ಇಳಿಯುವವರೆಗೂ ಎತ್ತಿದವನು ಅವನ ಮೈ ಕಾಯಬೇಕು. ಪರಸು ಕುತ್ತಿಗೆಯ ಮೇಲೆ ಬೀಳುವುದಿತ್ತು, ಹೇಗೋ ತಿರುಗಿ ಭುಜದ ಮೇಲೆ ಬಿದ್ದ. ಜನ ಹೋ ಎಂದು ಕೂಗಿದರು, ಅದೆಲ್ಲ ಆಟವೆಂದುಕೊಂಡರು. ಪಕ್ಕದಲ್ಲಿ ಅಪ್ಪನ ಕೈ ನನ್ನ ಮಣಿಕಟ್ಟನ್ನು ಎಷ್ಟು ಬಿಗಿಯಾಗಿ ಹಿಡಿಯಿತೆಂದರೆ ಬಳೆ ಒಡೆದು ರಕ್ತ ಬಂತು.

ಇಂಡಿಯ ಆಟದಲ್ಲಿ ಪರಸು ಕುಸ್ತಿ ಹಿಡಿಯಲಿಲ್ಲ. ಭುಜಕ್ಕೆ ಪಟ್ಟಿ ಕಟ್ಟಿಕೊಂಡು ಬಂದು ಮೈಕು ಹಿಡಿದ. ಸಾಹುಕಾರ ಉದ್ದನೆಯ ಭಾಷಣ ಹೇಳಿಕೊಟ್ಟಿದ್ದ, ಅವನು ಎಲ್ಲ ಮರೆತು "ಸಿಂದಗಿಗೆ ಬರ್ರಿ. ಅಲ್ಲಿ ಅವನ ಬೆನ್ನು ನೆಲಕ್ಕ ಹಚ್ತೇನಿ" ಎಂದಷ್ಟೇ ಅಂದ. ಭಾಷಣಕ್ಕಿಂತ ಅದೇ ಜನಕ್ಕೆ ಹಿಡಿಸಿತು. ಲಿಂಬೆ ತೋಟದ ಆಳುಗಳಿಂದ ಹಿಡಿದು ಸಾಲಿ ಮಾಸ್ತರರವರೆಗೆ ಎಲ್ಲರ ಮೊಬೈಲಿನಲ್ಲೂ ಆ ಮಾತು ಓಡಾಡಿತು. ಸಿಂದಗಿಯ ಕೊನೆಯ ಆಟ ನೋಡಲು ಪುಣೆಯವನು ಬರುವುದು ಗಟ್ಟಿಯಾಯಿತು. ಪರಸು ಮುಸುಕಿನವನನ್ನು ಚಿತ್ತು ಮಾಡಿ, ಸಿಂದಗಿ ಮೈದಾನ ಎದ್ದು ನಿಂತು ಕುಣಿದರೆ, ಹುಡುಗ ಪುಣೆಗೆ ಹೋದ ಹಾಗೆಯೇ ಎಂದು ಸಾಹುಕಾರ ಹೇಳಿದ.

ಅದರ ಮರುದಿನವೇ ಅಪ್ಪ ಸಾಹುಕಾರನನ್ನು ಮನೆಗೆ ಕರೆಸಿದ. ಪರಸು ಭುಜ ತೋರಿಸಲು ಆಸ್ಪತ್ರೆಗೆ ಹೋಗಿದ್ದ.

"ಆ ಸೊಲ್ಲಾಪುರದವನ ಕೈಯಾಗ ನನ್ನ ಹುಡುಗನ್ನ ಮತ್ತ ಕೊಡಬ್ಯಾಡ್ರಿ. ಕುತ್ತಿಗಿ ಮುರೀತಾನ" ಅಂದ ಅಪ್ಪ.

"ಮತ್ತ ಯಾರನ್ನ ತರಲ್ರಿ? ಮುಸುಕಿನವನ ಮ್ಯಾಲ ಮಂದಿಗೆ ಸಿಟ್ಟು ಕುದೀಲಿಕ್ಕೆ ಹತ್ತೇತಿ. ಅವನ ಎತ್ತರಾ ಇರಬೇಕು, ಹುಡುಗನ ಭುಜಾ ಕಾಯಬೇಕು, ಚಂದಂಗ ಬೀಳಬೇಕು. ಅಂಥಾವ ಎಲ್ಲಿ ಅದಾನ?"

ಅಪ್ಪ ಹೆಗಲ ಮೇಲಿನ ವಸ್ತ್ರ ತೆಗೆದಿಟ್ಟ. ಆಮೇಲೆ "ಕಸ್ತೂರಿ, ಟೇಪ್ ತಗೊಂಡ್ ಬಾ" ಅಂದ.

ನನಗೆ ತಿಳಿಯಲಿಲ್ಲ. ಸಾಹುಕಾರನಿಗೆ ಮೊದಲು ತಿಳಿಯಿತು. ಆತ ಎದ್ದು ನಿಂತುಬಿಟ್ಟ. "ಬ್ಯಾಡ್ರಿ ವಸ್ತಾದ್ರ. ನಿಮ್ಮ ಬೆನ್ನು ನೆಲಕ್ಕ ಹಚ್ಚಿಸಿದ ಪಾಪ ನನಗ ಬ್ಯಾಡ್ರಿ" ಅಂದ.

"ಬೆನ್ನು ನಂದು" ಅಂದ ಅಪ್ಪ. "ಆದ್ರ ಪರಸುಗ ಗೊತ್ತಾಗಬಾರ್ದು. ಗೊತ್ತಾದ್ರ ಅವ ಸತ್ತರೂ ಒತ್ತಂಗಿಲ್ಲ."

ಹುಟ್ಟಿದಾಗಿನಿಂದ ನೋಡಿದ ತಲೆಗೆ ನಾನು ಅವತ್ತು ಮೊದಲ ಸಲ ಟೇಪು ಹಿಡಿದೆ. ಅಪ್ಪನಿಗೆ ಆಗಲೇ ಅರವತ್ತರ ಹತ್ತಿರ. ಪೈಲವಾನರ ಕಿವಿ ತಿಕ್ಕಿ ತಿಕ್ಕಿ ಹೂಕೋಸಿನ ಹಾಗೆ ಗಂಟುಕಟ್ಟಿರುತ್ತದೆ, ಅಪ್ಪನ ಎಡಗಿವಿಯಂತೂ ಊರಿಗೇ ಗುರುತು. ಅದಕ್ಕೆ ಕಿವಿ ಪೂರ್ತಿ ಮುಚ್ಚುವ ಹಾಗೆ ಮುಸುಕು ಹೊಲಿದೆ, ಕಳಚಿ ಬೀಳದಿರಲೆಂದು ಹಿಂದೆ ಲಾಡಿ ಇಟ್ಟೆ. ಮಿಕ್ಕದ್ದನ್ನೆಲ್ಲ ಅಪ್ಪ ತಾನೇ ಯೋಚಿಸಿದ. ಮೈಗೆ ಗರಡಿಯ ವಾಸನೆ ಬರುತ್ತದೆಂದು ಗಮಗಮ ಸೋಪು ತರಿಸಿ ವಾರವಿಡೀ ಜಳಕ ಮಾಡಿದ. ಬಲಗೈಯಿಂದ ತೊಡೆ ತಟ್ಟುವ ರೂಢಿ ಬಿಟ್ಟು ಎಡಗೈಯಿಂದ ತಟ್ಟುವುದನ್ನು ಅಡಿಗೆಮನೆಯಲ್ಲಿ ಕದ್ದು ಕಲಿತ. ಬಾಯಿ ಬಿಡಬಾರದು ಎಂದು ತನಗೆ ತಾನೇ ಕಟ್ಟಳೆ ಹಾಕಿಕೊಂಡ. ಮಸೂತಿ ಊರಿನ ನೆಂಟರ ಮನೆಗೆ ಹೋಗುತ್ತೇನೆಂದು ಪರಸುವಿಗೆ ಸುಳ್ಳು ಹೇಳಿದ. ಆ ವಾರ ಅಪ್ಪ ಎಷ್ಟು ಗೆಲುವಾಗಿದ್ದ ಅಂದರೆ, ಮದುವೆ ಗೊತ್ತಾದ ಹುಡುಗನೂ ಅಷ್ಟು ಗೆಲುವಾಗಿರಲಿಕ್ಕಿಲ್ಲ. ಅವನನ್ನು ನೋಡಿ ನನಗೂ ಎಲ್ಲ ಸುಸೂತ್ರ ಆಗುತ್ತದೆ ಎನ್ನಿಸಿಬಿಟ್ಟಿತ್ತು.

ಸಿಂದಗಿಯಲ್ಲಿ ಆವತ್ತು ಕಾಲಿಡಲು ಜಾಗವಿರಲಿಲ್ಲ. ಮೋರಟಗಿಯಿಂದ ಟ್ರ್ಯಾಕ್ಟರುಗಟ್ಟಲೆ ಜನ ಬಂದಿದ್ದರು. ಮುಂದಿನ ಸಾಲಿನಲ್ಲಿ ಸುತ್ತಲಿನ ಊರುಗಳ ಹಳೆಯ ಪೈಲವಾನರಿಗೆ ಕುರ್ಚಿ ಹಾಕಿ ಮರ್ಯಾದೆ ಮಾಡಿದ್ದರು. ಅವರ ನಡುವೆ ಪುಣೆಯವನು, ಕರಿ ಕನ್ನಡಕ, ಕೈಯಲ್ಲಿ ಮೊಬೈಲು. ನಾನು ಹರಿದದ್ದನ್ನು ಹೊಲಿಯಲೆಂದು ಸೂಜಿ ದಾರ ಹಿಡಿದು ರಿಂಗಿನ ಮೂಲೆಯಲ್ಲೇ ಕೂತಿದ್ದೆ.

ಅಪ್ಪ ದುಷ್ಟನಾಗಿ ಬಹಳ ಚೆನ್ನಾಗಿ ಆಡಿದ, ಸುಳ್ಳೇಕೆ ಹೇಳಲಿ. ಬಂದವನೇ ಜನಕ್ಕೆ ಮುಷ್ಟಿ ತೋರಿಸಿದ. ಪರಸುವಿನ ಜುಟ್ಟು ಹಿಡಿದು ಎಳೆದ, ಪಟ್ಟಿ ಕಟ್ಟಿದ ಭುಜಕ್ಕೆ ಹೊಡೆದ ಹಾಗೆ ಮಾಡಿದ. ಹೊಡೆತ ಗಾಳಿಗೇ ಹೋಗುತ್ತಿತ್ತು, ಆದರೆ ಕಾಲಿನಿಂದ ಹಲಗೆಯನ್ನು ಧಡ್ ಎನ್ನಿಸುತ್ತಿದ್ದ. ಮೋರಟಗಿಯ ಮುದುಕಿಯೊಬ್ಬಳು ಎದ್ದು ನಿಂತು "ನಿನ್ನ ಕೈ ಸೇದಿಹೋಗ್ಲಿ! ನಿನ್ನ ಮನಿತನಾ ಹಾಳಾಗ್ಲಿ!" ಎಂದು ನೆಟಿಗೆ ಮುರಿದಳು. ಆ ಮನೆತನದಲ್ಲಿ ಉಳಿದವಳು ನಾನೊಬ್ಬಳೇ. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ.

ಆಮೇಲೆ ಹಲಗೆ ಬಾರಿಸಿದರು. ಪರಸು ಎದ್ದ. ಮೈದಾನಕ್ಕೆ ಮೈದಾನವೇ ಎದ್ದಿತು. ಪುಣೆಯವನು ಕನ್ನಡಕ ತೆಗೆದು ಜನರ ಕಡೆ ತಿರುಗಿ ನೋಡಿದ, ಮೊಬೈಲು ಮೇಲೆತ್ತಿದ. ಪರಸು ಮುಸುಕಿನವನ ಸೊಂಟ ಹಿಡಿದು ಎತ್ತಿ ಕೆಡವಿದ. ಅಪ್ಪ ಬಿದ್ದದ್ದು ಎಷ್ಟು ಚಂದ! ಸದ್ದು ಊರಿಗೆ ಕೇಳುವಷ್ಟು, ಪೆಟ್ಟು ಇಬ್ಬರಿಗೂ ಇಲ್ಲ. ಪರಸು ಅವನ ಎದೆಯ ಮೇಲೆ ಒರಗಿ ಮಗುಚಿದ. ಒಂದು ಭುಜ ನೆಲಕ್ಕೆ ಹತ್ತಿತು. ಎಣಿಸಲೆಂದು ರೆಫ್ರಿ ಮಲಗಿದ. ಇನ್ನೊಂದು ಭುಜ ಉಳಿದಿತ್ತು. ಒತ್ತಿದ್ದರೆ ಮುಗಿಯುತ್ತಿತ್ತು.

ಆಗ ಪರಸುವಿನ ಹಿಡಿತ ಸಡಿಲಾಯಿತು. ಅವನ ಬಲಗೈ ತಾನಾಗಿಯೇ ಹಿಂದಕ್ಕೆ ಹೋಗಿ ಮುಸುಕಿನವನ ಪಾದ ಮುಟ್ಟಿತು, ಹಣೆಗೆ ಬಂತು.

ಅವನು ಬೇಕೆಂದು ಮಾಡಲಿಲ್ಲ. ಅವನ ಮುಖ ನನಗೆ ಎದುರಿಗೇ ಇತ್ತು. ಹಣೆಗೆ ಒತ್ತಿದ ಕೈಯನ್ನು ಕೆಳಗಿಳಿಸಿ, ಅದು ಯಾರದೋ ಕೈ ಎಂಬಂತೆ ನೋಡಿಕೊಂಡ. ಕಿವಿ ಮುಚ್ಚಿದ್ದೆವು, ವಾಸನೆ ತೊಳೆದಿದ್ದೆವು, ಮಾತು ನಿಲ್ಲಿಸಿದ್ದೆವು. ವರ್ಷಗಟ್ಟಲೆ ಹಿಡಿದ ಮೈಯನ್ನು ಆ ಕೈ ಮರೆಯುತ್ತದೆಯೇ ಎಂದು ನಾವ್ಯಾರೂ ಯೋಚಿಸಿರಲಿಲ್ಲ.

ಬೇರೆ ಯಾವ ಸೀಮೆಯಲ್ಲಾದರೂ ಜನಕ್ಕೆ ಇದು ತಿಳಿಯುತ್ತಿರಲಿಲ್ಲ. ಸಿಂದಗಿಯಲ್ಲಿ ತಿಳಿಯಿತು. ಮುಂದಿನ ಸಾಲಿನ ಹಳೆಯ ಪೈಲವಾನರೆಲ್ಲ ಒಮ್ಮೆಲೆ ಎದ್ದು ನಿಂತರು. "ಏ, ವಸ್ತಾದ್ರಪಾ ಅದು! ಗೊಳಸಂಗಿ ವಸ್ತಾದ್ರು!" ಎಂದು ಒಬ್ಬ ಕೂಗಿದ. ಹಲಗೆಯ ಸದ್ದು ನಿಂತಿತು. ಮುದುಕಿ ಶಾಪ ಹಾಕಿದ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

"ಒತ್ತಲೇ ಪರಸ್ಯಾ" ಎಂದಿತು ಮುಸುಕಿನೊಳಗಿನ ದನಿ. "ಒತ್ತು. ಪುಣೇದಾಂವ ನೋಡಾಕತ್ತಾನ."

ಪರಸು ಹಿಂದೆ ಸರಿದು ಮೊಣಕಾಲೂರಿ ಕೂತು ಕೈ ಮುಗಿದ. ಅಳುತ್ತಿದ್ದ. ಅಪ್ಪ ಕಾದ. ಆಮೇಲೆ ತಾನೇ, ಯಾರೂ ಒತ್ತದೆ, ತನ್ನ ಇನ್ನೊಂದು ಭುಜವನ್ನು ನೆಲಕ್ಕೆ ಹಚ್ಚಿದ. ಏನೂ ಅರಿಯದ ರೆಫ್ರಿ ಒಂದು ಎರಡು ಮೂರು ಎಂದು ಎಣಿಸಿ ಗಂಟೆ ಹೊಡೆಸಿದ. ಮೈಕಿನವನು "ಮೋರಟಗಿ ಹುಲಿ ಗೆದ್ದೈತಿ" ಎಂದು ಕೂಗಿದ. ಚಪ್ಪಾಳೆ ಬರಲಿಲ್ಲ. ಹಳೆಯ ಪೈಲವಾನರು ಮುಖ ತಿರುಗಿಸಿ ಹೊರಟರು, ಹಿಂದಿನಿಂದ ಯಾರೋ ಹುಡುಗರು ನಕ್ಕರು. ಇದು ಯಾವ ಆಟ, ಗೆದ್ದವನು ಯಾಕೆ ಅಳುತ್ತಾನೆ ಎಂದು ಪುಣೆಯವನು ಸಾಹುಕಾರನನ್ನು ಕೇಳಿದನಂತೆ. ಸಾಹುಕಾರ ಎಲ್ಲ ಬಿಡಿಸಿ ಹೇಳಿದನಂತೆ. ಗೆಲ್ಲು ಎಂದಾಗ ಗೆಲ್ಲದವನು ನಮಗೆ ಆಗುವುದಿಲ್ಲ ಎಂದು ಹೇಳಿ ಆತ ಕಾರು ಹತ್ತಿದ.

ಟೆಂಪೋದಲ್ಲಿ ಅಪ್ಪ ಮುಸುಕು ಹಾಕಿಕೊಂಡೇ ಕೂತಿದ್ದ. ಅದರ ಲಾಡಿಗೆ ಕೈ ಹಾಕಿದೆ.

"ಮುಸುಕು ತಗೀ ಅಪ್ಪಾ."

"ಮನಿ ಬರ್ಲಿ" ಅಂದ.

ಮನೆಗೆ ಬಂದ ಮೇಲೆ ಲಾಡಿಯ ಗಂಟು ಬೆವರಿಗೆ ಬಿಗಿದು ಬಿಚ್ಚಲಾಗದೆ ಕತ್ತರಿಯಿಂದ ಕತ್ತರಿಸಿದೆ. ಪರಸು ನಮ್ಮ ಜೊತೆ ಬಂದಿರಲಿಲ್ಲ. ಮುಂದೆಯೂ ಬರಲಿಲ್ಲ. ಕೆಲವು ದಿನ ಬಿಟ್ಟು ಅವನ ಅಣ್ಣ ಬಂದು ಅವನ ಟ್ರಂಕು ಒಯ್ದ. ಆ ಆಟದ ತುಣುಕಿಗೆ ಯಾವುದೋ ಹಾಡು ಕೂಡಿಸಿ ಮೊಬೈಲಿನಿಂದ ಮೊಬೈಲಿಗೆ ಹರಿಬಿಟ್ಟರು. ನಾಟಕದ ವಸ್ತಾದ ಎಂಬ ಹೆಸರು ಅಪ್ಪನಿಗೆ ಅಂಟಿತು. ಗರಡಿಗೆ ಹುಡುಗರನ್ನು ಕಳಿಸುವವರು ಒಬ್ಬೊಬ್ಬರಾಗಿ ನಿಲ್ಲಿಸಿದರು. ಕಂಪನಿ ಮುಚ್ಚಿತು, ಸಾಹುಕಾರ ಮತ್ತೆ ಶಾಮಿಯಾನಕ್ಕೆ ಮರಳಿದ. ಖಾಲಿ ಗರಡಿ ಎಷ್ಟು ದಿನ ಇರುತ್ತದೆ? "ಮಷಿನ್ ಅಲ್ಲಿ ಇಟ್ಕೋ, ಗಿರಾಕಿಗೆ ಅನುಕೂಲ ಆಕ್ಕೈತಿ" ಎಂದು ಅಪ್ಪನೇ ಹೇಳಿದ. ಗುಂಡಿಯ ಮಣ್ಣು ತೆಗೆಸಿ, ಗರಸು ತುಂಬಿಸಿ, ಸಿಮೆಂಟು ಹಾಕಿಸಿದೆವು. ಬಾಗಿಲನ್ನೂ ಎತ್ತರಿಸಿದೆವು. ಈಗ ನನ್ನ ಅಂಗಡಿಗೆ ಯಾರೂ ಬಗ್ಗಿ ಬರಬೇಕಾಗಿಲ್ಲ.

ನನಗೆ ಅದರ ದುಃಖ ಇನ್ನೂ ಆರಿಲ್ಲ. ಯಾರನ್ನು ಬಯ್ಯಬೇಕು ಎಂಬುದಾದರೂ ಗೊತ್ತಿದ್ದರೆ ಹಗುರಾಗುತ್ತಿತ್ತು. ಸಾಹುಕಾರ ಕೆಟ್ಟವನಲ್ಲ, ಅಪ್ಪ ಮಾಡಿದ್ದು ಮಗನಂಥವನಿಗಾಗಿ, ಪರಸು ಮಾಡಿದ್ದು ತಂದೆಯಂಥವನಿಗೆ. ಎಲ್ಲರೂ ಒಳ್ಳೆಯದನ್ನೇ ಮಾಡಿ ಎಲ್ಲವನ್ನೂ ಕಳೆದುಕೊಂಡದ್ದು ನನ್ನ ಕಣ್ಣೆದುರಿಗೇ ನಡೆಯಿತು. ಪರಸು ನಾಚಿಕೊಂಡು ಬರುತ್ತಿಲ್ಲ ಎಂದು ನಾನು ತಿಳಿದಿದ್ದೆ. ಅಪ್ಪ ಸಿಟ್ಟಾಗಿ ಕರೆಯುತ್ತಿಲ್ಲ ಎಂದು ತಿಳಿದಿದ್ದೆ.

ಇಂಡಿಯಲ್ಲಿ ಹಣ್ಣು ಆರಿಸಲು ಬಾಗಿದವನು ಪರಸುವೇ. ಚೀಲ ಹೊತ್ತು ಹೊತ್ತು ಒಂದು ಭುಜ ಇಳಿದಿದೆ, ಸೊಲ್ಲಾಪುರದವನು ಕೆಡವಿದ ಅದೇ ಭುಜ. ನನ್ನನ್ನು ನೋಡಿ ಕೈಯನ್ನು ಅಂಗಿಗೆ ಒರೆಸಿಕೊಂಡು ಬಂದ. ಚಹಾ ತರಿಸಿದ. ಇಬ್ಬರೂ ಗೋಣಿಚೀಲದ ಮೇಲೆ ಕೂತೆವು.

"ವಸ್ತಾದ್ರು ಹೆಂಗ ಅದಾರ್ರಿ ಅಕ್ಕಾ?"

"ಅದಾನ. ನೀ ಯಾಕ ಬರಂಗಿಲ್ಲ?"

"ಅವರು ಒತ್ತು ಅಂದ್ರು. ನಾ ಅವರ ಮಾತು ಮೀರಿದೆ. ಯಾ ಮುಖಾ ಇಟ್ಕೊಂಡು ಬರ್ಲಿ? ಗೊಳಸಂಗಿ ಕಡೆ ಬಸ್ಸೂ ಹತ್ತಿಲ್ರಿ ನಾ" ಅಂದ. ಆಮೇಲೆ ಹೆದರಿದವನ ಹಾಗೆ ಕೇಳಿದ, "ಗರಡಿ ನಡದೈತೆಲ್ರಿ? ನನ್ನ ಸಲುವಾಗಿ ನಿಂತಿಲ್ಲಲ್ರಿ?"

ಅವನ ಕಣ್ಣು ನೋಡಿ ನನಗೆ ಬೇರೆ ಮಾತು ಬರಲಿಲ್ಲ. "ನಡದೈತಿ. ಹುಡುಗೂರು ಬರ್ತಾರ" ಅಂದೆ.

ಅವನ ಮುಖ ಅರಳಿತು. ಎದ್ದುಹೋಗಿ ಒಂದೊಂದೇ ಹಣ್ಣು ಆರಿಸಿ, ಕಲೆ ಇದ್ದದ್ದನ್ನು ತೆಗೆದುಹಾಕಿ, ಚೀಲ ತುಂಬಿಸಿ ಬಾಯಿ ಹೊಲಿದು ತಂದ. "ಮಣ್ಣಿಗೆ ಹಿಂಡ್ರಿ. ನಾ ಕೊಟ್ಟೇನಂತ ಹೇಳಬ್ಯಾಡ್ರಿ" ಎಂದು ತಾನೇ ಬಸ್ಸಿಗೆ ಏರಿಸಿದ. ನನ್ನ ಫೋನ್ ನಂಬರನ್ನೂ ಕೇಳಿ ಬರೆದುಕೊಂಡ.

ಮನೆಗೆ ಬಂದು ಚೀಲ ಇಳಿಸಿದಾಗ ಅಪ್ಪ ಅಂಗಡಿಯಲ್ಲಿ ಗಿರಾಕಿಗಳ ಸ್ಟೂಲಿನ ಮೇಲೆ ಕೂತಿದ್ದ. ವಾಸನೆಗೆ ತಲೆ ಎತ್ತಿದ. 

"ಯಾರು ಕೊಟ್ರು?"

"ಪರಸು. ಗರಡಿ ಮಣ್ಣಿಗೆ ಅಂತ." ಮುಚ್ಚಿಡುವುದು ನನ್ನಿಂದ ಆಗಲಿಲ್ಲ. ಅವನು ಆಡಿದ ಮಾತನ್ನೆಲ್ಲ ಹೇಳಿದೆ.

"ನೀ ಏನಂದಿ?"

"ಗರಡಿ ನಡದೈತಿ ಅಂದೆ."

"ಚಲೋ ಮಾಡಿದಿ" ಎಂದು ಚೀಲದ ಹೊಲಿಗೆಯ ಮೇಲೆ ಕೈ ಆಡಿಸಿದ. ಆಮೇಲೆ ನೆಲ ನೋಡುತ್ತ ಹೇಳಿದ, "ಅವನ ಕೈ ನನ್ನ ಪಾದಕ್ಕ ಬಂತಲ್ಲ ಅವತ್ತು, ನನಗ ಖುಷಿ ಆತು ಕಸ್ತೂರಿ. ಬಾಯಿಲೆ ಒತ್ತು ಅನ್ನಾಕತ್ತಿದ್ದೆ, ಒಳಗ ಖುಷಿ ಆಗಿತ್ತು. ಹುಡುಗನ ಬಾಳೇ ಕೈ ಬಿಟ್ಟು ಹೊಂಟಿತ್ತು, ನಾ ಮುಸುಕಿನಾಗ ನಗಾಕತ್ತಿದ್ದೆ. ಯಾ ಬಾಯಿಲೆ ಅವನನ್ನ ಕರೀಲಿ?"

"ಈಗ ಕರಿ" ಅಂದೆ. "ನಾ ಫೋನ್ ಹಚ್ಚಿಕೊಡ್ತೇನಿ. ಬರ್ತಾನ ಅಪ್ಪಾ, ಓಡಿ ಬರ್ತಾನ."

ಅಪ್ಪ ಫೋನಿಗೆಂದು ಕೈ ಚಾಚಿದ. ಚಾಚಿದವನು ಮತ್ತೆ ನೆಲ ನೋಡಿದ. ನುಣುಪಾದ ಸಿಮೆಂಟು, ಮೇಲೆ ನನ್ನ ಮಷಿನ್ನು, ಬಟ್ಟೆಯ ಚೂರು. ಕೈ ಹಿಂದಕ್ಕೆ ತೆಗೆದುಕೊಂಡ.

"ಕರದು ಎಲ್ಲಿ ನಿಂದ್ರಸ್ಲಿ? ಬಂದ್ರ ಮಣ್ಣು ಹುಡುಕ್ತಾನ" ಅಂದ.

ನಾಲ್ಕು ದಿನ ಬಿಟ್ಟು ಪರಸುವಿನದೇ ಫೋನು ಬಂತು. ಗಿರಾಕಿಯ ಕೆಲಸದಲ್ಲಿದ್ದೆ, ಕೈ ಖಾಲಿ ಇರಲಿಲ್ಲ, ಸ್ಪೀಕರಿಗೆ ಹಾಕಿದೆ. "ಅಕ್ಕಾ, ಹಣ್ಣು ಸಾಕಾದವೇನ್ರಿ? ಹುಡುಗೂರು ಜಾಸ್ತಿ ಇದ್ರ ಮಣ್ಣೂ ಜಾಸ್ತಿ ಹಿಡೀತೈತಿ. ಇನ್ನೊಂದು ಚೀಲ ಕಳಸ್ಲೇನ್ರಿ?"

ನಾನು ಅಪ್ಪನ ಮುಖ ನೋಡಿದೆ. ಅಪ್ಪ ಫೋನಿನ ಕಡೆ ನೋಡಲಿಲ್ಲ. "ಕಳಸು ಅನ್ನು" ಎಂದು ಸಣ್ಣ ದನಿಯಲ್ಲಿ ಹೇಳಿದ. ಅಂದೆ.

ಎರಡನೆಯ ಚೀಲ ನಿನ್ನೆ ಬಂತು. ಮೊದಲನೆಯದರ ಪಕ್ಕದಲ್ಲಿ ಸಿಮೆಂಟಿನ ಮೇಲೆ ಇಟ್ಟಿದ್ದೇವೆ.